ಬೀರು ತುಂಬಿದವರ ಬಟ್ಟೆ ಉಪವಾಸ

ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಅಲ್ಲೇ ಬಿಟ್ಟು ಬರಬೇಕೆಂಬುದು ಹಳೆಯ ರೂಢಿ. ಹೆಚ್ಚಿನ ಯಾತ್ರಿಕರು ಹಾಗಲಕಾಯನ್ನೋ ಪಡವಲಕಾಯನ್ನೋ ಬಿಟ್ಟು ಬರುತ್ತಾರೆ. ಅದು ಅವರಿಗೆ ಯಾವಾಗ ಅಷ್ಟೊಂದು ಇಷ್ಟವಾಗಿತ್ತೆಂದು ಮನೆಯವರು ಕೇಳಲು ಹೋಗುವುದಿಲ್ಲ. ಲೇಖಕಿ ಸುಧಾ ಮೂರ್ತಿ ಬಿಟ್ಟದ್ದು ಶಾಪಿಂಗನ್ನು. ಆಮೇಲೆ ಸುಮಾರು ಮೂರು ದಶಕ ಒಂದು ಸೀರೆಯನ್ನೂ ಕೊಂಡಿಲ್ಲವೆಂದು ಅವರು ಸಂದರ್ಶನಗಳಲ್ಲಿ ಹೇಳಿದ್ದಾರೆ. ಅಕ್ಕತಂಗಿಯರು, ಗೆಳತಿಯರು ವರ್ಷಕ್ಕೆ ಒಂದೆರಡು ಸೀರೆ ಕೊಡುತ್ತಿದ್ದರು ಎಂಬುದನ್ನೂ ಅವರೇ ಹೇಳಿದ್ದಾರೆ.

ಈ ಸುದ್ದಿ ಓದಿದವರು ಸರಳತೆಯನ್ನು ಮೆಚ್ಚಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಆದರೆ ಅದರಲ್ಲಿ ಎರಡು ಸಂಗತಿಗಳಿವೆ. ಆ ಮನೆಗೆ ಸೀರೆಯ ದುಡ್ಡು ಉಳಿಸಬೇಕಾದ ಜರೂರು ಇರಲಿಲ್ಲ. ಅದು ವ್ರತ, ಉಳಿತಾಯವಲ್ಲ. ಎರಡನೆಯದು, ಕೊಳ್ಳುವುದು ನಿಂತರೂ ಸೀರೆ ಬರುವುದು ನಿಲ್ಲಲಿಲ್ಲ. ದುಡ್ಡು ಉಳಿಸಲೆಂದು ಹೊಸ ಬಟ್ಟೆ ಬಿಡಲು ಹೊರಟ ಸಂಬಳದಾರರು ಎಡವುವುದು ಈ ಎರಡನೆಯ ಕಡೆಯಲ್ಲಿ.

ಒಂದು ವರ್ಷ ಹೊಸ ಬಟ್ಟೆ ಬೇಡ ಎಂಬ ಈಗಿನ ಪ್ರತಿಜ್ಞೆಯ ಅಚ್ಚು ಅಮೆರಿಕದ್ದು. ಸ್ಯಾನ್ ಫ್ರಾನ್ಸಿಸ್ಕೊದ ಒಂದು ಗೆಳೆಯರ ಬಳಗ 2006ರಲ್ಲಿ ಹೊಸದೇನನ್ನೂ ಕೊಳ್ಳುವುದಿಲ್ಲವೆಂದು ತೀರ್ಮಾನಿಸಿ, ತನಗೆ 'ಕಾಂಪ್ಯಾಕ್ಟ್' ಎಂದು ಹೆಸರಿಟ್ಟುಕೊಂಡಿತು. ಆಹಾರ, ಔಷಧ, ಒಳಉಡುಪಿನಂಥ ಅಗತ್ಯಗಳಿಗೆ ಮಾತ್ರ ವಿನಾಯಿತಿ. ಕಾದಂಬರಿಕಾರ್ತಿ ಆ್ಯನ್ ಪ್ಯಾಚೆಟ್ ತಮ್ಮ ಶಾಪಿಂಗ್ ಇಲ್ಲದ ವರ್ಷದ ಬಗ್ಗೆ 2017ರ ಕೊನೆಯಲ್ಲಿ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಬರೆದ ಮೇಲೆ ಅದು ಮನೆಮಾತಾಯಿತು. ಅಲ್ಲಿನ ಕಲ್ಪನೆ ಸರಳ: ಒಬ್ಬ ವ್ಯಕ್ತಿ, ಅವನ ಒಂದು ಬೀರು, ಅವನದೇ ಕ್ರೆಡಿಟ್ ಕಾರ್ಡ್. ಕೈ ಬಿಗಿಹಿಡಿದರೆ ದುಡ್ಡು ಉಳಿಯಿತು.

ಇಲ್ಲಿ ಎಷ್ಟು ಉಳಿದೀತು? ಕೇಂದ್ರ ಸರ್ಕಾರದ 2023-24ರ ಕೌಟುಂಬಿಕ ವೆಚ್ಚ ಸಮೀಕ್ಷೆಯಂತೆ ತಲೆಗೆ ತಿಂಗಳ ಸರಾಸರಿ ಖರ್ಚು ಹಳ್ಳಿಯಲ್ಲಿ ₹4,122, ನಗರದಲ್ಲಿ ₹6,996. ಇದರಲ್ಲಿ ಬಟ್ಟೆ, ಹಾಸಿಗೆ, ಚಪ್ಪಲಿ ಎಲ್ಲ ಸೇರಿದ ಪಾಲು ಹಳ್ಳಿಯಲ್ಲಿ ಶೇ 6.6ರ ಆಸುಪಾಸು, ನಗರದಲ್ಲಿ ಶೇ 5.5ರ ಆಸುಪಾಸು. ನಾಲ್ಕು ಜನರ ನಗರದ ಕುಟುಂಬವೊಂದು ವರ್ಷವಿಡೀ ಒಂದು ಕರ್ಚೀಫೂ ಕೊಳ್ಳದೆ ಇದ್ದರೂ ಸರಾಸರಿ ಲೆಕ್ಕದಲ್ಲಿ ಉಳಿಯುವುದು ಹದಿನೆಂಟು ಸಾವಿರದಷ್ಟು. ಅದೇ ಕುಟುಂಬ ಹೋಟೆಲು ತಿಂಡಿ, ಕುರುಕಲು, ಪಾನೀಯಕ್ಕೆ ಮಾಡುವ ಖರ್ಚು ಇದರ ದುಪ್ಪಟ್ಟು. ಬರೀ ದುಡ್ಡೇ ಗುರಿಯಾಗಿದ್ದರೆ ಬಟ್ಟೆಗಿಂತ ಮೊದಲು ಮಸಾಲೆ ದೋಸೆ ಬಿಡಬೇಕು. ಅಂಥ ಪ್ರತಿಜ್ಞೆಗೆ ಬೆಂಗಳೂರಿನಲ್ಲಿ ಹೆಚ್ಚು ಸಹಿ ಬೀಳಲಾರದು.

ಸರಾಸರಿ ಎಂಬುದು ಮೋಸಗಾರ, ನಿಜ. ಬಟ್ಟೆಯ ಖರ್ಚು ಅಕ್ಕಿಬೇಳೆಯಂತೆ ತಿಂಗಳು ತಿಂಗಳು ಬರುವುದಿಲ್ಲ. ಎಷ್ಟೋ ತಿಂಗಳು ಸುಮ್ಮನಿದ್ದು ಯುಗಾದಿ, ಗೌರಿ ಹಬ್ಬ, ದೀಪಾವಳಿ, ಶಾಲೆ ಶುರುವಾಗುವ ಜೂನ್, ಮನೆಯಲ್ಲೊಂದು ಮದುವೆ ಎನ್ನುತ್ತಾ ಗುಡ್ಡೆಯಾಗಿ ಬಂದು ಬೀಳುತ್ತದೆ. ಮಗಳ ಮದುವೆ ಮಾಡಿದ ಮನೆಯ ಜವಳಿ ಬಿಲ್ಲಿಗೂ ಈ ಹದಿನೆಂಟು ಸಾವಿರಕ್ಕೂ ಯಾವ ಸಂಬಂಧವೂ ಇರುವುದಿಲ್ಲ.

ಆ ಬಿಲ್ಲನ್ನು ಬಿಡಿಸಿ ನೋಡಬೇಕು. ಮದುಮಗಳ ಧಾರೆ ಸೀರೆ, ಮದುಮಗನ ಸೂಟು ಅದರಲ್ಲಿ ಒಂದು ಭಾಗ. ಮಿಕ್ಕದ್ದು ಬೀಗರಿಗೆ, ಸೋದರಮಾವನಿಗೆ, ಅತ್ತೆಯಂದಿರಿಗೆ, ಕಳಶ ಹಿಡಿಯುವ ಹುಡುಗಿಗೆ. ಉತ್ತರ ಕರ್ನಾಟಕದಲ್ಲಿ ಆಯೇರಿ ಎನ್ನುತ್ತಾರೆ, ದಕ್ಷಿಣದಲ್ಲಿ ಉಡುಗೊರೆ ಎನ್ನುತ್ತಾರೆ. ಹೆಸರು ಯಾವುದಾದರೂ ಅದು ಸಾಲದ ಪುಸ್ತಕ. ಅವರ ಮನೆಯ ಗೃಹಪ್ರವೇಶದಲ್ಲಿ ನಮಗೆ ಎಂಥ ಸೀರೆ ಬಂದಿತ್ತು, ನಾವು ತಿರುಗಿ ಎಂಥದ್ದು ಕೊಡಬೇಕು ಎಂಬ ಲೆಕ್ಕ ಮನೆಯ ಹಿರಿಯ ಹೆಂಗಸಿನ ತಲೆಯಲ್ಲಿ ಬ್ಯಾಂಕಿನ ಲೆಡ್ಜರಿನಷ್ಟು ಖಚಿತವಾಗಿರುತ್ತದೆ. ತನಗಾಗಿ ಹೊಸ ಕುರ್ತಾ ಕೊಳ್ಳುವುದಿಲ್ಲವೆಂದು ಪಣ ತೊಟ್ಟ ಸೊಸೆಗೆ ಈ ಲೆಡ್ಜರಿನ ಬಾಕಿ ತಪ್ಪುವುದಿಲ್ಲ.

ಕೈಗೆ ಬಂದ ಸೀರೆಯೂ ಪುಕ್ಕಟೆಯಲ್ಲ. ಅದಕ್ಕೆ ಫಾಲ್ ಹಾಕಿಸಬೇಕು, ಜಿಗ್‌ಜಾಗ್ ಆಗಬೇಕು, ರೇಷ್ಮೆಯದ್ದಾದರೆ ಕುಚ್ಚು ಕಟ್ಟಿಸಬೇಕು, ಲೈನಿಂಗ್ ಕೊಟ್ಟು ರವಿಕೆ ಹೊಲಿಸಬೇಕು. ಐದುನೂರು ರೂಪಾಯಿಯ ಉಡುಗೊರೆ ಸೀರೆಯನ್ನು ಉಡುವಂತೆ ಮಾಡಲು ಅದಕ್ಕಿಂತ ಹೆಚ್ಚು ದುಡ್ಡು ಕೊಡಬೇಕಾದೀತು. ಹಾಗಾಗಿ ಅದು ಉಡದೆಯೇ ಬೀರು ಸೇರಿ, ಮುಂದಿನ ಮದುವೆಗೆ ಇನ್ನೊಬ್ಬರ ಮನೆಗೆ ಹೊರಡುತ್ತದೆ. 'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆ ಮೈಮೇಲಿನ ಬಟ್ಟೆಯ ಬಗ್ಗೆ ಹುಟ್ಟಿದ್ದು. ಈಗ ಮೈಮೇಲೆ ಬಾರದ ಬಟ್ಟೆಯೂ ಪರರಿಚ್ಛೆಯಂತೆ ನಡೆಯುತ್ತಿದೆ.

ಅಂಗಡಿಯವರಿಗೆ ಇದು ಸಂಶೋಧನೆ ಇಲ್ಲದೆಯೇ ಗೊತ್ತು. ಆಷಾಢದಲ್ಲಿ ಮದುವೆ ಇಲ್ಲ, ಮುಹೂರ್ತವಿಲ್ಲ, ಹೊಸ ಬಟ್ಟೆ ತರಬೇಕಾದ ಕಾರಣವೇ ಇಲ್ಲ. ಆ ಖಾಲಿ ತಿಂಗಳನ್ನೇ ಜವಳಿ ಅಂಗಡಿಗಳು ರಿಯಾಯಿತಿಯ ತಿಂಗಳು ಮಾಡಿದವು. ಶ್ರಾವಣಕ್ಕೆ, ವರಮಹಾಲಕ್ಷ್ಮಿಗೆ, ಯಾವತ್ತೋ ಆಗುವ ಮದುವೆಗೆ ಈಗಲೇ ಕೊಂಡರೆ ಅಗ್ಗ ಎಂಬ ವಾದ ಬಜೆಟ್ ಹಾಕುವ ಗೃಹಿಣಿಯ ವಾದವೇ. ಆಷಾಢ ಸೇಲಿನಲ್ಲಿ ಕೊಂಡವರಿಗೆ ದುಡ್ಡು ಖರ್ಚು ಮಾಡಿದ್ದಕ್ಕಿಂತ ಉಳಿಸಿದ ನೆನಪೇ ಗಟ್ಟಿಯಾಗಿರುತ್ತದೆ. ಟಾಟಾ ಸಮೂಹದ ಜುಡಿಯೋ ಸಾವಿರ ರೂಪಾಯಿಯೊಳಗೇ ಎಲ್ಲ ಬಟ್ಟೆ ಇಟ್ಟು ಊರೂರಿಗೆ ಹರಡಿದ್ದರ ಹಿಂದೆಯೂ ಇದೇ ಮನಸ್ಸಿದೆ: ಇಷ್ಟು ಅಗ್ಗವಾದದ್ದನ್ನು ಖರ್ಚು ಎನ್ನುವುದು ಹೇಗೆ? 2025ರ ಸೆಪ್ಟೆಂಬರ್ 22ರಿಂದ ₹2,500ರವರೆಗಿನ ಉಡುಪಿಗೆ ಜಿಎಸ್‌ಟಿ ಶೇ 5ಕ್ಕೆ ಬಂದು, ಅದರ ಮೇಲಿನದಕ್ಕೆ ಶೇ 12ರಿಂದ 18ಕ್ಕೆ ಏರಿತು. ನವರಾತ್ರಿಯ ಮೊದಲ ದಿನವೇ ಜಾರಿಯಾದ ಈ ಬದಲಾವಣೆಯ ಅರ್ಥ ಸ್ಪಷ್ಟ. ಸರ್ಕಾರಕ್ಕೂ ಜನ ಬಟ್ಟೆ ಕೊಳ್ಳಬೇಕು.

ಅಗ್ಗದ ಬಟ್ಟೆಯ ತಾಪತ್ರಯ ಮನೆಗೆ ಬಂದ ಮೇಲೆ ಶುರುವಾಗುತ್ತದೆ. ಮೊದಲು ಟೈಲರುಗಳು ಮಕ್ಕಳ ಅಂಗಿ, ಚಡ್ಡಿ, ಲಂಗ ಹೊಲಿಯುವಾಗ ಒಳಗೆ ಬಟ್ಟೆ ಬಿಡುತ್ತಿದ್ದರು. ಹುಡುಗ ಬೆಳೆದಂತೆ ಹೊಲಿಗೆ ಬಿಚ್ಚಿ ಅಗಲ ಮಾಡುವುದು, ಮಡಿಕೆ ಇಳಿಸಿ ಉದ್ದ ಮಾಡುವುದು ನಡೆಯುತ್ತಿತ್ತು. ಬಣ್ಣ ಹೋಗದ ಗೆರೆಯೊಂದು ಲಂಗದ ಕೆಳಗೆ ಕಾಣುತ್ತಿದ್ದುದನ್ನು ಐವತ್ತು ದಾಟಿದವರು ಮರೆತಿರಲಾರರು. ಕಾರ್ಖಾನೆಯಲ್ಲಿ ಕತ್ತರಿಸಿದ ಬಟ್ಟೆಯಲ್ಲಿ ಹೊಲಿಗೆಯಂಚು ಬೆರಳಗಲವೂ ಇರುವುದಿಲ್ಲ. ಆಲ್ಟ್ರೇಷನ್‌ಗೆ ಒಯ್ದರೆ 'ಒಳಗೆ ಬಟ್ಟೇನೇ ಇಲ್ವಲ್ಲ ಮೇಡಂ' ಎಂಬ ಉತ್ತರ ಸಿಗುತ್ತದೆ. ನಾನೂರು ರೂಪಾಯಿಯ ಅಂಗಿ ಇಪ್ಪತ್ತು ಸಲ ಹಾಕುವುದರೊಳಗೆ ಜೋತುಬಿದ್ದರೆ ಒಂದು ಸಲಕ್ಕೆ ಇಪ್ಪತ್ತು ರೂಪಾಯಿ ಬಿತ್ತು. ಸಾವಿರದೈನೂರರ ಅಂಗಿ ನೂರೈವತ್ತು ಸಲ ಬಂದರೆ ಹತ್ತೇ ರೂಪಾಯಿ. ಈ ಲೆಕ್ಕ ಎಲ್ಲರಿಗೂ ಬರುತ್ತದೆ. ಒಟ್ಟಿಗೆ ಸಾವಿರದೈನೂರು ಕೈಯಲ್ಲಿರಬೇಕಲ್ಲ, ಅಷ್ಟೇ.

ಹೊಸ ಬಟ್ಟೆ ಕಡಿಮೆ ಮಾಡುವುದನ್ನು ಒಂದು ಇಡೀ ದೇಶವೇ ಮಾಡಿದ ಉದಾಹರಣೆ ಇದೆ, ಅದು ಪ್ರತಿಜ್ಞೆಯಿಂದಲ್ಲ, ಕಾನೂನಿನಿಂದ. ಎರಡನೇ ಮಹಾಯುದ್ಧದ ನಡುವೆ, 1941ರ ಜೂನ್ 1ರಂದು ಬ್ರಿಟನ್ ಬಟ್ಟೆಗೆ ಪಡಿತರ ತಂದಿತು. ಮೊದಲಿಗೆ ತಲೆಗೆ ವರ್ಷಕ್ಕೆ 66 ಕೂಪನ್. ಗಂಡಸರ ಒಂದು ಸೂಟಿಗೇ 26 ಕೂಪನ್ ಹೋಗುತ್ತಿತ್ತು, ಹೆಂಗಸರ ಉಣ್ಣೆಯ ಉಡುಪಿಗೆ 11. ಕೂಪನ್ ಇದ್ದ ಮಾತ್ರಕ್ಕೆ ಆಗಲಿಲ್ಲ, ದುಡ್ಡನ್ನೂ ಕೊಡಬೇಕಿತ್ತು. ಇದು 1949ರವರೆಗೆ ನಡೆಯಿತು. ಜನ ಅದನ್ನು ಸಹಿಸಿಕೊಂಡದ್ದರಲ್ಲಿ ದೇಶಭಕ್ತಿಯಷ್ಟೇ ಪಾಲು ಸೂಜಿದಾರಕ್ಕೂ ಸಲ್ಲಬೇಕು. 1943ರಲ್ಲಿ ಸರ್ಕಾರವೇ 'ಮೇಕ್ ಡು ಆ್ಯಂಡ್ ಮೆಂಡ್' ಎಂಬ ಕೈಪಿಡಿ ಹೊರತಂದಿತು. ತೇಪೆ ಹಾಕುವುದು, ಹಳೆ ಸ್ವೆಟರ್ ಬಿಚ್ಚಿ ಹೆಣೆಯುವುದು, ಗಂಡಸರ ಪ್ಯಾಂಟಿನಿಂದ ಮಕ್ಕಳ ಬಟ್ಟೆ ಮಾಡುವುದನ್ನು ಕಲಿಸುವ ತರಗತಿಗಳು ನಡೆದವು. ಹಾಗಿದ್ದೂ ಒಂದು ಅಸಮಾನತೆಯನ್ನು ಕೂಪನ್ ಮುಚ್ಚಲಾಗಲಿಲ್ಲ. ಯುದ್ಧಕ್ಕೆ ಮೊದಲೇ ಬೀರು ತುಂಬಿಕೊಂಡಿದ್ದವರು ಅದರಲ್ಲೇ ವರ್ಷಗಟ್ಟಲೆ ನಡೆಸಿದರು; ಎರಡೇ ಜೊತೆ ಇದ್ದವರ ಬಟ್ಟೆ ಸವೆದು ಹೋಯಿತು.

ಇಂದಿನ ಪ್ರತಿಜ್ಞೆಗೂ ಅದೇ ಮಾತು ಅನ್ವಯಿಸುತ್ತದೆ. ಉಪವಾಸ ಮಾಡಲು ಮನೆಯಲ್ಲಿ ಊಟ ಇರಬೇಕು. ಮನುಸ್ಮೃತಿ ಉಟ್ಟು ಬಿಟ್ಟ ಬಟ್ಟೆಯನ್ನು ಶೂದ್ರ ಸೇವಕನಿಗೆ ಕೊಡಬೇಕೆನ್ನುತ್ತದೆ. ಇನ್ನೊಬ್ಬರ ಹಳೆ ಬಟ್ಟೆ ಉಡುವುದು ತಲೆಮಾರುಗಳ ಕಾಲ ಕೆಲವರ ಪಾಲಿಗೆ ಆಯ್ಕೆಯಾಗಿರಲಿಲ್ಲ, ಹೇರಿಕೆಯಾಗಿತ್ತು. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ದಲಿತ ಹೆಣ್ಣುಮಕ್ಕಳನ್ನು ಉದ್ದೇಶಿಸಿ ಮಾತನಾಡಿದ ಅಂಬೇಡ್ಕರ್, ಮೇಲ್ಜಾತಿಯವರು ಉಡುವ ಹಾಗೆಯೇ ಸೀರೆ ಉಡುವಂತೆ, ಬಟ್ಟೆಗೆ ತೇಪೆಯಿದ್ದರೂ ಅದು ಶುಚಿಯಾಗಿರುವಂತೆ ಹೇಳಿದ್ದರು. ದೀಪಾವಳಿಗೆ ಮಗುವಿಗೊಂದು ಹೊಸ ಅಂಗಿ ತಂದ ಪೌರಕಾರ್ಮಿಕರ ಮುಂದೆ ಬಟ್ಟೆ ಬಿಡುವ ಉಪದೇಶ ಮಾಡಲು ಹೊರಟವರಿಗೆ ಈ ಚರಿತ್ರೆ ತಿಳಿದಿರಬೇಕು. ಸೆಕೆಂಡ್ ಹ್ಯಾಂಡ್ ಉಡುಪಿನ ವ್ಯಾಪಾರ ಲಂಡನ್ನಿನಲ್ಲಿ ಫ್ಯಾಷನ್ ಆದಷ್ಟು ಸಲೀಸಾಗಿ ಇಲ್ಲಿ ಆಗದಿರುವುದಕ್ಕೂ ಇದು ಒಂದು ಕಾರಣ. ಅಕ್ಕನ ಲಂಗ ತಂಗಿಗೆ ಸಲ್ಲುತ್ತದೆ, ಚಿಕ್ಕಮ್ಮನ ರೇಷ್ಮೆ ಸೀರೆಯನ್ನು ಹೆಮ್ಮೆಯಿಂದ ಉಡುತ್ತಾರೆ. ಗುರುತಿಲ್ಲದವರ ಬಟ್ಟೆ ಎಂದರೆ ಸತ್ತವರದ್ದೋ ಏನೋ ಎಂಬ ಅಳುಕು.

ಹಳೆಯದಕ್ಕೆ ಬೆಲೆಯೇ ಇಲ್ಲದ ಸಮಾಜವೇನೂ ಇದಲ್ಲ. ಬೀದಿಯಲ್ಲಿ ಸ್ಟೀಲ್ ಪಾತ್ರೆ ಹೊತ್ತು ಬರುವ ಹೆಂಗಸು ನಾಲ್ಕು ಪ್ಯಾಂಟು, ಒಂದು ಜರಿ ಸೀರೆಗೆ ಡಬರಿ ಕೊಡಲೋ ಬೋಗುಣಿ ಕೊಡಲೋ ಎಂದು ಅರ್ಧ ಗಂಟೆ ಚೌಕಾಸಿ ಮಾಡುತ್ತಾಳೆ. ಉತ್ತರ ಕರ್ನಾಟಕದ ಕೌದಿ ಹುಟ್ಟಿದ್ದೇ ಸವೆದ ಸೀರೆ, ಧೋತರದಿಂದ. ಯಲ್ಲಾಪುರ, ಹಳಿಯಾಳದ ಸಿದ್ದಿ ಮಹಿಳೆಯರ ಕೌದಿಗಳು ಈಗ ಕಲಾ ಪ್ರದರ್ಶನಗಳಿಗೆ ಹೋಗುತ್ತವೆ. ಆದರೆ ಕೌದಿಗೆ ಬೇಕಾದದ್ದು ಹತ್ತಿ. ಪಾಲಿಯೆಸ್ಟರ್ ಸೀರೆ ಹರಿಯುವುದಿಲ್ಲ, ಬೆವರು ಹೀರುವುದಿಲ್ಲ, ಹೊದ್ದರೆ ಬೆಚ್ಚಗೂ ಆಗುವುದಿಲ್ಲ.

ಎಲ್ಲರೂ ಬಟ್ಟೆ ಕೊಳ್ಳುವುದು ಬಿಟ್ಟರೆ ಹೊಲಿಯುವವರ ಗತಿಯೇನು ಎಂದು ಕೇಳುವವರಿದ್ದಾರೆ. ಲಕ್ಷಾಂತರ ಮಹಿಳೆಯರು ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಬೆಂಗಳೂರಿನಲ್ಲಿ ಇದು ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ. ಆದರೆ ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯ ಎಷ್ಟೋ ಕಾರ್ಖಾನೆಗಳು ಹೊಲಿಯುವುದು ಹೊರದೇಶದ ಆರ್ಡರಿಗೆ. 2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಸರಕಿಗೆ ಶೇ 50ರಷ್ಟು ಸುಂಕ ಹಾಕಿದಾಗ ಅವರಿಗೆ ತಟ್ಟಿದ ಬಿಸಿಯ ಮುಂದೆ, ಜಯನಗರದ ಒಂದು ಮನೆಯವರು ಅಂಗಿ ಕೊಳ್ಳದಿರುವುದು ಲೆಕ್ಕಕ್ಕಿಲ್ಲ. ಇನ್ನೊಂದು ಘಟನೆಯೂ ನೆನಪಾಗುತ್ತದೆ. ನೌಕರನ ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲವೆಂದು ಕೇಂದ್ರ ಹೊರಡಿಸಿದ ನಿಯಮದ ವಿರುದ್ಧ 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಯಲ್ಲಿ, ಜಾಲಹಳ್ಳಿಯಲ್ಲಿ ಬೀದಿಗಿಳಿದರು. ನಗರ ನಿಂತುಹೋಯಿತು, ನಿಯಮ ವಾಪಸಾಯಿತು. ಮಗಳ ಮದುವೆಗೆ, ಮಗನ ಫೀಸಿಗೆ, ಕೆಲಸ ಬಿಟ್ಟಾಗಿನ ಸಂಸಾರಕ್ಕೆ ಅವರಲ್ಲಿದ್ದ ಉಳಿತಾಯ ಅದೊಂದೇ. ಬಟ್ಟೆಗೂ ಉಳಿತಾಯಕ್ಕೂ ಇರುವ ನಂಟಿನ ಬಗ್ಗೆ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಾರರು.

ನೇಕಾರರ ಮಾತು ಬೇರೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ನೇಯುವವರಿಗೆ ಇಲ್ಲಿನ ಮನೆಗಳೇ ಮಾರುಕಟ್ಟೆ. ವರ್ಷಕ್ಕೆ ಹತ್ತು ಸಿಂಥೆಟಿಕ್ ಸೀರೆ ಕೊಂಡು ಕೊಡುವ ಮನೆ ಅದನ್ನು ನಿಲ್ಲಿಸಿ ಎರಡು ಕೈಮಗ್ಗದ ಸೀರೆ ಕೊಂಡರೆ ದುಡ್ಡೂ ಉಳಿದೀತು, ಮಗ್ಗವೂ ಆಡೀತು. ಇದಕ್ಕೆ ಬೇಕಾದದ್ದು ಅಂಗಡಿಗೆ ಹೋಗದಿರುವ ಸಂಯಮವಲ್ಲ. ಬೀಗರ ಮುಂದೆ 'ಈ ಸಲ ಬಟ್ಟೆ ಕೊಡುವುದು, ತೊಗೊಳ್ಳುವುದು ಎರಡೂ ಬೇಡ' ಎನ್ನುವ ಧೈರ್ಯ. ಆಶೀರ್ವಾದವೇ ಉಡುಗೊರೆ ಎಂದು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಮನೆಗಳಿವೆ. ಆ ಮನೆಗಳಲ್ಲೂ ಊಟ ಮುಗಿಸಿ ಹೊರಟ ಮುತ್ತೈದೆಯರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ.

ಎಲೆ, ಅಡಿಕೆ, ತೆಂಗಿನಕಾಯಿಯ ಜೊತೆ ಒಂದು ಜಾಕೀಟು ಪೀಸು ಇದ್ದೇ ಇರುತ್ತದೆ. ಎಂಬತ್ತು ಸೆಂಟಿಮೀಟರಿನ ಆ ತುಂಡನ್ನು ಯಾರೂ ಹೊಲಿಸುವುದಿಲ್ಲ, ಯಾವ ಸೀರೆಗೂ ಅದು ಹೊಂದುವುದಿಲ್ಲ. ಗೌರಿ ಹಬ್ಬದ ಮೊರದ ಬಾಗಿನದಲ್ಲಿ ಬಂದದ್ದು ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದವರ ಕೈ ಸೇರುತ್ತದೆ, ಅಲ್ಲಿಂದ ಸೀಮಂತಕ್ಕೆ, ಅಲ್ಲಿಂದ ಇನ್ಯಾವುದೋ ಊರಿನ ಗೃಹಪ್ರವೇಶಕ್ಕೆ. ಮಡಿಕೆಯ ಗೆರೆ ಬಿಳಚಿಕೊಂಡ ಮೇಲೂ ಅದರ ಪ್ರಯಾಣ ನಿಂತಿರುವುದಿಲ್ಲ. ಬೀರಿನ ಮೇಲಿನ ಅರೆಯಲ್ಲಿ, ಪ್ಲಾಸ್ಟಿಕ್ ಚೀಲವೊಂದರಲ್ಲಿ ಅಂಥ ಇಪ್ಪತ್ತು ಮೂವತ್ತು ತುಂಡುಗಳಿಲ್ಲದ ಮನೆಯನ್ನು ರಾಜ್ಯದಲ್ಲಿ ಹುಡುಕಿ ತೆಗೆಯುವುದು ಕಷ್ಟ. ಹಾಗಿದ್ದೂ ಶ್ರಾವಣ ಬಂತೆಂದರೆ ಚಿಕ್ಕಪೇಟೆಯಲ್ಲಿ ಅವು ಡಜನ್ ಲೆಕ್ಕದಲ್ಲಿ ಮಾರಾಟವಾಗುತ್ತವೆ.