ಮೊತ್ತ ಅಂದ್ರೆ ಯಾವ ಮೊತ್ತ?

ಈ ಸಾಲು ಸ್ವಲ್ಪ ನೋಡಿ: "ಹೆಸರನ್ನು ಓದಿಕೊಂಡು ಮೊತ್ತಕ್ಕೆ ಬಾಕಿಯನ್ನು ಕೂಡಿಸಿ."

ಯಾವುದಾದರೂ ತಂತ್ರಾಂಶದ ಕೈಪಿಡಿಯಲ್ಲಿ ಹೀಗೆ ಬರೆದಿದ್ದರೆ ಏನಂತ ತಿಳ್ಕೋಬೇಕು? ಮೊತ್ತ ಅನ್ನೋದು ಪ್ರೋಗ್ರಾಮಿನೊಳಗಿನ ವೇರಿಯಬಲ್ಲಿನ ಹೆಸರೋ, ಇಲ್ಲಾ ನಾವು ದಿನಾ ಆಡುವ ಮಾತಿನ ಮೊತ್ತವೋ? ಇದೇನೂ ನಾನು ಸುಮ್ಮನೆ ಹುಟ್ಟುಹಾಕಿದ ತೊಡಕಲ್ಲ. 2008ರ ಡಿಸೆಂಬರಿನಲ್ಲಿ ಪೈಥಾನ್ 3 ಬಂದಾಗಿನಿಂದ ಆ ಭಾಷೆಯಲ್ಲಿ ವೇರಿಯಬಲ್ಲುಗಳಿಗೆ ಕನ್ನಡ ಅಕ್ಷರಗಳಲ್ಲೇ ಹೆಸರಿಡಬಹುದು. ಮಕ್ಕಳಿಗೆ ಕನ್ನಡದಲ್ಲೇ ಪ್ರೋಗ್ರಾಮಿಂಗ್ ಹೇಳಿಕೊಡೋಕೆ ಎಷ್ಟು ಚೆಂದದ ಅನುಕೂಲ ಅಲ್ವೇ? ಆದರೆ ವಿವರಣೆ ಬರೆಯುವಾಗ ನಾವು ಸೋಮಾರಿಗಳಾದರೆ ಆ ಅನುಕೂಲವೆಲ್ಲ ನೀರಿನಲ್ಲಿ ಹೋಮ.

ಇಂಗ್ಲಿಷ್ ಕೈಪಿಡಿಗಳಲ್ಲಿ ಇದಕ್ಕೊಂದು ಶಿಸ್ತು ಬೆಳೆದಿದೆ. ಯುನಿಕ್ಸ್ ಮ್ಯಾನ್ ಪುಟಗಳಲ್ಲಿ ದಪ್ಪಕ್ಷರದಲ್ಲಿ ಇರೋದನ್ನು ಇದ್ದ ಹಾಗೇ ಟೈಪಿಸಬೇಕು, ಓರೆ ಅಕ್ಷರದಲ್ಲಿ ಇರೋ ಕಡೆ ನಮ್ಮದನ್ನು ಹಾಕಬೇಕು. ಗ್ನೂ ಯೋಜನೆಯ ಟೆಕ್ಸ್‌ಇನ್ಫೋ ಇನ್ನೂ ಸೂಕ್ಷ್ಮ. ಪ್ರೋಗ್ರಾಮಿನಲ್ಲಿ ನಿಜವಾಗಿ ಇರುವ ವೇರಿಯಬಲ್ಲಿನ ಹೆಸರಿಗೆ ಒಂದು ಗುರುತು, "ಇಲ್ಲಿ ನಿಮ್ಮ ಕಡತದ ಹೆಸರು ಬರೆಯಿರಿ" ಅನ್ನುವಂಥ ಖಾಲಿ ಜಾಗಕ್ಕೆ ಬೇರೆಯೇ ಗುರುತು. ಓರೆ ಅಕ್ಷರ ತೋರಿಸಲಾಗದ ಬರಿ ಪಠ್ಯದ ಪರದೆಯಲ್ಲಿ ಆ ಖಾಲಿ ಜಾಗ ಕ್ಯಾಪಿಟಲ್ ಅಕ್ಷರಗಳಲ್ಲಿ ಕಾಣುತ್ತೆ.

ನಮಗೆ ಈ ಸೌಕರ್ಯಗಳು ಸಿಗೋದಿಲ್ಲ. ಕನ್ನಡದಲ್ಲಿ ಕ್ಯಾಪಿಟಲ್ ಅನ್ನೋದೇ ಇಲ್ಲ. ಓರೆ ಅಕ್ಷರವೂ ನಮ್ಮ ಲಿಪಿಯ ರೂಢಿಯಲ್ಲ. ಫಾಂಟಿನಲ್ಲಿ ಅದಿಲ್ಲದಿದ್ದರೆ ಬ್ರೌಸರು ನೆಟ್ಟಗಿದ್ದ ಅಕ್ಷರವನ್ನೇ ಬಲವಂತವಾಗಿ ವಾಲಿಸುತ್ತೆ. ಒತ್ತಕ್ಷರಗಳ ಕಥೆ ಕೇಳಬೇಡಿ :-)

ಇದಕ್ಕಿಂತ ದೊಡ್ಡ ತೊಡಕು ವಿಭಕ್ತಿಯದ್ದು. ಇಂಗ್ಲಿಷಿನಲ್ಲಿ ಹೆಸರು ಸಾಮಾನ್ಯವಾಗಿ ಇದ್ದ ಹಾಗೇ ಇರುತ್ತೆ, ಸಂಬಂಧ ಹೇಳುವ ಪದ ಬೇರೆಯಾಗಿ ಮುಂದೆ ನಿಲ್ಲುತ್ತೆ. ನಮ್ಮಲ್ಲಿ ಪ್ರತ್ಯಯ ಹೆಸರಿಗೇ ಅಂಟುತ್ತೆ, ಅಂಟುವಾಗ ಹೆಸರನ್ನೇ ಬದಲಿಸುತ್ತೆ. 'ಬಾಕಿ' ಹೋಗಿ ಬಾಕಿಯನ್ನು, 'ಹೆಸರು' ಹೋಗಿ ಹೆಸರನ್ನು. ಎರಡನೆಯದರಲ್ಲಿ ಕೊನೆಯ ಉಕಾರವೇ ಮಾಯ! ಹೊಸದಾಗಿ ಕಲಿಯುವವರು 'ಹೆಸರ' ಎಂದು ಟೈಪಿಸಿದರೆ ಪೈಥಾನ್ ಅಂಥದ್ದೊಂದು ಇಲ್ಲವೇ ಇಲ್ಲ ಅನ್ನುತ್ತೆ. ತಪ್ಪು ಕಲಿಯುವವರದ್ದಲ್ಲ, ಬರೆದವರದ್ದು.

ಇನ್ನೊಂದು ಕಾಣದ ಕಾಟವೂ ಇದೆ. 'ಯೂಸರ್‌ನೇಮ್' ಎಂದು ಬಿಡಿಸಿ ಬರೆಯೋಕೆ ನಾವು ನಡುವೆ ಝೀರೋ ವಿಡ್ತ್ ನಾನ್ ಜಾಯ್ನರ್ ಹಾಕ್ತೀವಿ. ಕಣ್ಣಿಗೆ ಕಾಣದಿದ್ದರೂ ಅದೊಂದು ಯೂನಿಕೋಡ್ ಅಕ್ಷರವೇ. ಪೈಥಾನ್ ಅದನ್ನು ಹೆಸರಿನೊಳಗೆ ಒಪ್ಪೋದಿಲ್ಲ. ಪುಟದಿಂದ ನಕಲು ಮಾಡಿ ಅಂಟಿಸಿದವರಿಗೆ ದೋಷ ಎಲ್ಲಿದೆ ಅಂತ ಗೊತ್ತಾಗೋದು ಹೇಗೆ?

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ವೇರಿಯಬಲ್ಲಿನ ಹೆಸರು ಎಲ್ಲೇ ಬರಲಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೇ ಗುರುತಿನೊಳಗೆ ಇರಲಿ. ಒಂಟಿ ಉದ್ಧರಣ ಚಿಹ್ನೆಯೋ, ಕೋಡ್ ಟ್ಯಾಗೋ, ಯಾವುದಾದರೂ ಸರಿ. ಓದುಗರು ತಮ್ಮದನ್ನು ತುಂಬಬೇಕಾದ ಜಾಗಕ್ಕೆ ಬೇರೆ ಗುರುತು ಇರಲಿ. ಇದಕ್ಕೆ ಕೋನಾಕಾರದ ಆವರಣ ಬಳಸೋರು ಅದನ್ನು ಟೈಪಿಸಬಾರದು ಅಂತ ಶುರುವಿನಲ್ಲೇ ಹೇಳಿಬಿಡಿ. ಯಾಕಂದ್ರೆ ಯುನಿಕ್ಸ್ ಶೆಲ್ಲಿನಲ್ಲಿ ಆ ಚಿಹ್ನೆಗಳಿಗೆ ಕಡತದಿಂದ ಓದು, ಕಡತಕ್ಕೆ ಬರೆ ಅನ್ನುವ ಅರ್ಥವಿದೆ. ಇದ್ದ ಕಡತ ಅಳಿಸಿಹೋದರೂ ಹೋದೀತು!

ಮೂರನೆಯದು ನಮ್ಮ ಭಾಷೆಯಲ್ಲೇ ಇರುವ ಉಪಾಯ, 'ಎಂಬ'. ಪ್ರತ್ಯಯವನ್ನು ವೇರಿಯಬಲ್ಲಿಗೆ ಅಂಟಿಸೋ ಬದಲು ಪಕ್ಕದ ಮಾಮೂಲಿ ಪದಕ್ಕೆ ಅಂಟಿಸಿ. ಮೇಲಿನ ಸಾಲು ಹೀಗಾಗುತ್ತೆ: "'ಹೆಸರು' ಎಂಬ ವೇರಿಯಬಲ್ಲನ್ನು ಓದಿಕೊಂಡು, 'ಮೊತ್ತ' ಎಂಬುದಕ್ಕೆ 'ಬಾಕಿ' ಎಂಬುದನ್ನು ಕೂಡಿಸಿ." ತಂತ್ರಾಂಶಗಳ ಸಂದೇಶ ಅನುವಾದಿಸೋರಿಗೂ ಇದು ಅನುಕೂಲ. ಖಾಲಿ ಜಾಗದಲ್ಲಿ ಯಾವ ಹೆಸರು ಬಂದು ಕೂತರೂ 'ಎಂಬ ಕಡತವನ್ನು ಅಳಿಸಬೇಕೇ?' ಅಂದರೆ ವ್ಯಾಕರಣ ಕೆಡೋದಿಲ್ಲ.

ಇಷ್ಟೊಂದು 'ಎಂಬ' ಇದ್ದರೆ ವಾಕ್ಯ ಭಾರ ಆಗುತ್ತೆ, ಕನ್ನಡದ ಲಯ ಹೋಗುತ್ತೆ ಅನ್ನೋರಿದ್ದಾರೆ. ನಿಜ, ಸ್ವಲ್ಪ ಭಾರವೇ. ಆದರೆ ಕೈಪಿಡಿ ಕವನ ಅಲ್ವಲ್ಲ. ಓದಿದವರು ಅದರಂತೆ ಮಾಡಿ, ಅದು ಕೆಲಸ ಮಾಡಬೇಕು. ಕನ್ನಡದ ವಿವರಣೆ ನಂಬಿ ಎರಡು ಸಲ ಎಡವಿದವರು ಮೂರನೇ ಸಲ ಇಂಗ್ಲಿಷ್ ಪುಟಕ್ಕೇ ಹೋಗ್ತಾರೆ, ಆಮೇಲೆ ಈ ಕಡೆ ತಿರುಗಿಯೂ ನೋಡೋದಿಲ್ಲ. ಕನ್ನಡದಲ್ಲಿ ತಂತ್ರಜ್ಞಾನ ಬರೆಯೋಕೆ ಆಗಲ್ಲ ಅನ್ನೋರ ಬಾಯಿಗೆ ನಾವೇ ಮಾತು ಕೊಟ್ಟಂತೆ ಆಗುತ್ತೆ.

ಟೆಂಪ್ಲೇಟ್ ಬದಲಿಸೋದು ಹೇಗೆ, ಸ್ಕ್ರಿಪ್ಟ್ ಹಾಕೋದು ಹೇಗೆ ಅಂತ ನಮ್ಮಲ್ಲೇ ಎಷ್ಟೋ ಜನ ಬರೀತೀರಿ. ನೀವು ಯಾವ ಗುರುತು ಬಳಸ್ತೀರಿ? 'ಎಂಬ'ಕ್ಕಿಂತ ಹಗುರವಾದ ದಾರಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ.