ಮನೆಗೆ ಬಂದ ಕೆಲಸ ಊರಲ್ಲಿ ನಿಲ್ಲುವುದೆ?

ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ಮಕ್ಕಳು ಮಂಗಳೂರಿನಲ್ಲಿ ಕಾಲೇಜು ಕಲಿತು, ಬೆಂಗಳೂರಿನಲ್ಲಿ ಕೆಲಸ ಹಿಡಿದು, ಜಾತ್ರೆಗೋ ಮದುವೆಗೋ ಮಾತ್ರ ಊರಿಗೆ ಬರುವುದು ನಮಗೆಲ್ಲ ರೂಢಿಯಾಗಿತ್ತು. 2020ರ ಮಾರ್ಚ್‌ನಲ್ಲಿ ಈ ರೂಢಿ ತಲೆಕೆಳಗಾಯಿತು. ಕೋವಿಡ್ ಕಾರಣದಿಂದ ತಲಪಾಡಿಯ ಗಡಿಯನ್ನು ಕರ್ನಾಟಕ ಮುಚ್ಚಿದಾಗ ಐವತ್ತು ಕಿಲೋಮೀಟರ್ ದೂರದ ಮಂಗಳೂರಿನ ಆಸ್ಪತ್ರೆಗೆ ನಮ್ಮ ರೋಗಿಗಳು ಹೋಗಲಾರದಾದರು. ಆದರೆ ಅದೇ ಗಡಿಯನ್ನು ದಾಟಿ ಬೆಂಗಳೂರಿನ ಕಚೇರಿಯ ಕೆಲಸ ನಮ್ಮ ಮನೆಗಳ ಮಾಳಿಗೆಗೆ ಬಂದಿತು!

ಹೀಗೆ ಬಂದವರಲ್ಲಿ ಕೆಲವರು ಇಂದಿಗೂ ಊರಲ್ಲೇ ಇದ್ದಾರೆ. ನಮ್ಮಲ್ಲಿ ಕಲಿತವರೂ ಅವರಲ್ಲುಂಟು. ನಗರದ ಮನೆಬಾಡಿಗೆ ಉಳಿಯುತ್ತದೆ. ವಯಸ್ಸಾದ ಹೆತ್ತವರಿಗೆ ಆಸರೆಯಾಗುತ್ತದೆ. ಅಡಿಕೆ ತೋಟಕ್ಕೆ ಒಬ್ಬರ ಕಣ್ಣಿರುತ್ತದೆ. ಇದು ಸಣ್ಣ ಲಾಭವಲ್ಲ.

ಆದರೆ ಈ ಕೆಲಸದ ಬೇರು ಎಷ್ಟು ಆಳಕ್ಕಿಳಿದಿದೆ ಎಂಬುದನ್ನು ವಿಚಾರಿಸಬೇಕು. ಮೊದಲನೆಯದಾಗಿ, ಮನೆಯಲ್ಲಿ ಕುಳಿತು ದುಡಿಯುವ ಅನುಮತಿ ಕಂಪೆನಿಯ ಕೈಯಲ್ಲಿದೆ. ಟಿ.ಸಿ.ಎಸ್.ನಂಥ ದೊಡ್ಡ ಸಂಸ್ಥೆಯೇ 2023ರ ಅಕ್ಟೋಬರದಿಂದ ನೌಕರರು ವಾರಕ್ಕೆ ಐದು ದಿನ ಕಚೇರಿಗೆ ಬರಬೇಕೆಂದಿತು. ಎರಡನೆಯದಾಗಿ, ಕಡಲ ತೀರದ ಮಳೆಗಾಲ. ಆಟಿಯ ಗಾಳಿಗೆ ತೆಂಗಿನ ಮಡಲೊಂದು ತಂತಿಯ ಮೇಲೆ ಬಿದ್ದರೂ ಸಾಕು, ಕರೆಂಟು ಹೋಗುತ್ತದೆ. ಅದರ ಹಿಂದೆಯೇ ಇಂಟರ್‌ನೆಟ್ಟೂ ಹೋಗುತ್ತದೆ. ಕಚೇರಿಯ ಸಭೆ ಮಳೆ ನಿಲ್ಲುವ ತನಕ ಕಾಯುವುದಿಲ್ಲ. ಗುಡ್ಡಗಳ ನಡುವಿನ ಮನೆಗಳಲ್ಲಿ ಮೊಬೈಲಿನ ಸಿಗ್ನಲೂ ದುರ್ಬಲ.

ಇಂಟರ್‌ನೆಟ್ ನಾಗರಿಕರ ಮೂಲಭೂತ ಹಕ್ಕೆಂದು ಸಾರಿದ ಕೇರಳ ಸರಕಾರವು 2023ರ ಜೂನ್ 5ರಂದು ಕೆ-ಫೋನ್ ಯೋಜನೆಯನ್ನು ಉದ್ಘಾಟಿಸಿತು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಕೊಡುವುದು ಅದರ ಗುರಿ. ಈ ಸಂಪರ್ಕವನ್ನು ಹಳ್ಳಿಯ ಗ್ರಂಥಾಲಯಗಳಿಗೂ ತಂದು, ಅಲ್ಲಿ ನಾಲ್ಕು ಮೇಜು, ಒಂದು ಇನ್ವರ್ಟರ್ ಇರಿಸಿದರೆ ಮಳೆಗಾಲದಲ್ಲಿಯೂ ಕೆಲಸ ನಿಲ್ಲದು. ಪಂಚಾಯತಿನ ಗ್ರಾಮಸಭೆಯಲ್ಲಿ ನಾವು ಕೇಳಬೇಕಾದ ಬೇಡಿಕೆಯಿದು.

ಇನ್ನೊಂದು ಮಾತು ನಮ್ಮ ಮನೆಯೊಳಗಿನದು. ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಕೆಯಾಗುತ್ತದೆ. ಆ ಲೆಕ್ಕದ ಮೇಲೆಯೇ ಅಧ್ಯಾಪಕರ ಹುದ್ದೆ ಉಳಿಯುವುದು ಅಥವಾ ಹೋಗುವುದು. ಬೆಂಗಳೂರಿನಿಂದ ಮರಳಿದವರ ಮಕ್ಕಳು ಅಂದು ಕನ್ನಡ ತರಗತಿಯಲ್ಲಿ ಇರುತ್ತಾರೆಯೆ? ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯವಿರಬೇಕೆಂದು ಸಂವಿಧಾನದ 350 ಎ ವಿಧಿ ಹೇಳುತ್ತದೆ. ಆದರೆ ಮಕ್ಕಳೇ ಇಲ್ಲದ ತರಗತಿಯನ್ನು ಯಾವ ವಿಧಿಯೂ ಕಾಪಾಡಲಾರದು.

ಮರಳಿದ ತಂದೆತಾಯಿಯರ ಅಂಜಿಕೆ ನಮಗೆ ಅರ್ಥವಾಗದ್ದಲ್ಲ. ನಾಳೆ ಕಂಪೆನಿ ಕರೆದರೆ ಮಗುವಿನ ಶಾಲೆ ಬದಲಿಸಬೇಕಲ್ಲ ಎಂಬ ಚಿಂತೆ ಅವರದು. ಹಾಗಿದ್ದರೂ ಕನ್ನಡ ಶಾಲೆಯಲ್ಲಿ ಓದಿಯೇ ತಾವು ಆ ಕೆಲಸಕ್ಕೆ ಏರಿದೆವೆಂಬುದನ್ನು ಅವರು ಒಮ್ಮೆ ನೆನೆಯಬೇಕು. ಅಧ್ಯಾಪಕರಾದ ನಾವೂ ಇಂಗ್ಲಿಷ್ ಮತ್ತು ಕಂಪ್ಯೂಟರ್ ಪಾಠವನ್ನು ಅವರು ಮೆಚ್ಚುವಷ್ಟು ಚೆನ್ನಾಗಿ ಕಲಿಸಬೇಕು. ದೂರುವುದಷ್ಟೇ ನಮ್ಮ ಕೆಲಸವಾಗಬಾರದು.

ಕಂಪೆನಿಯ ತೀರ್ಮಾನ ನಮ್ಮ ಕೈಯಲ್ಲಿಲ್ಲ. ಗ್ರಾಮಸಭೆಯ ಅರ್ಜಿ ಮತ್ತು ಶಾಲೆಯ ಹಾಜರಿ ಪುಸ್ತಕ ನಮ್ಮ ಕೈಯಲ್ಲಿವೆ. ಮುಂದಿನ ಜೂನ್ ಬರುವ ಮೊದಲೇ ಈ ಎರಡರ ಬಗೆಗೂ ಊರೂರಲ್ಲಿ ಮಾತುಕತೆ ನಡೆಯಲಿ.