ಸಮೂಹಗಾನಕ್ಕೂ ಗುರು ಬೇಕು

ಗಡಿನಾಡಿನ ಅನೇಕ ಕನ್ನಡ ಶಾಲೆಗಳಲ್ಲಿ ಸಮೂಹಗಾನವೆಂದರೆ ಆಗಸ್ಟ್ 15ರ ಹಿಂದಿನ ವಾರದ ಗಡಿಬಿಡಿ. ಇದು ಸಾಲದು. 1988ರಲ್ಲಿ ಅಗಲಿದ ಎಂ.ಬಿ. ಶ್ರೀನಿವಾಸನ್ ಮದರಾಸು ಯೂತ್ ಕಾಯಿರ್ ಕಟ್ಟಿ, ಭಾರತದ ನಾನಾ ಭಾಷೆಗಳ ಗೀತೆಗಳನ್ನು ಒಂದೇ ವೃಂದದಿಂದ ಹಾಡಿಸಿದರು. ಹಾಡಿಸುವುದೆಂದರೆ ಕೈಬೀಸುವುದಷ್ಟೇ ಅಲ್ಲ. ಮೇಷ್ಟ್ರ ತಗ್ಗಿದ ಶ್ರುತಿಯಲ್ಲಿ ಮಕ್ಕಳ ದನಿ ಹೂತುಹೋಗುತ್ತದೆ. ಅವರ ಕಂಠಕ್ಕೊಪ್ಪುವ ಶ್ರುತಿ ಹಿಡಿಯಬೇಕು, ಉಸಿರೆಳೆಯುವ ತಾಣ ಗೊತ್ತುಮಾಡಬೇಕು, ಅಲ್ಪಪ್ರಾಣ-ಮಹಾಪ್ರಾಣ ತಿದ್ದಬೇಕು. ಒಬ್ಬಂಟಿಯಾಗಿ ಕನ್ನಡ ಓದಲು ಅಂಜುವ ಮಗುವೂ ಹತ್ತು ಕಂಠಗಳ ನಡುವೆ ಬಾಯಿಬಿಡುತ್ತದೆ.

ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಕನ್ನಡ ಬಲ್ಲ ಸಂಗೀತ ಶಿಕ್ಷಕರೂ ಆ ಸೌಲಭ್ಯವೇ ಅಲ್ಲವೇ? ಹುದ್ದೆ ಬರುವವರೆಗೆ ಕಾಯದೆ, ಶಾಲೆಗೊಬ್ಬ ಅಧ್ಯಾಪಕರಿಗೆ ಬೇಸಿಗೆ ರಜೆಯಲ್ಲಿ ತರಬೇತಿ ಕೊಡಿಸೋಣ. ವಾರಕ್ಕೊಂದು ಪೀರಿಯಡ್ ಹಾಡಿಗೆ ಮೀಸಲಿಡೋಣ.